ಒಂಬತ್ತು ಹುಡುಗಿಯರು, ಗಿರಣಿಯ ಒಂದು ಫೋನು

ಕೊಪ್ಪಳದ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಈ ಪತ್ರ ಒಡೆದು ಕೂತ ಮಾನ್ಯರೇ,

ಮೊದಲು ನೆಟ್ಟಗೆ ಕೂತುಕೊಳ್ಳಿ. ಕುರ್ಚಿಗೆ ಬೆನ್ನು ಒರಗಿಸಿ, ಒಂದು ಕಣ್ಣು ಫೋನಿನ ಮೇಲಿಟ್ಟು, ಮೇಲಿನ ಎರಡು ಸಾಲು ಕೆಳಗಿನ ಒಂದು ಸಾಲು ಓದಿ, "ಸಂಬಂಧಪಟ್ಟ ವಿಭಾಗಕ್ಕೆ" ಎಂದು ಗೀಚಿ ಪಕ್ಕದ ಮೇಜಿಗೆ ನೂಕುವ ಕಾಗದ ಇದಲ್ಲ. ಸಂಬಂಧಪಟ್ಟ ವಿಭಾಗ ನೀವೇ. ನಿಮ್ಮ ಮೇಲೆ ಇನ್ನೂ ಯಾರೋ ಇದ್ದಾರೆ ಎಂದು ಹೇಳಬೇಡಿ, ಆ ಮಾತು ಕೇಳಿ ಕೇಳಿ ನನ್ನ ಕಿವಿ ಸವೆದಿದೆ. ಪತ್ರಿಕೆಯಲ್ಲಿ ಇದನ್ನು ಓದುತ್ತಿರುವ ಉಳಿದವರಿಗೂ ಒಂದು ಮಾತು: "ಪಾಪ, ಯಾವುದೋ ಹಳ್ಳಿಯ ಮುದುಕಿ" ಎಂದು ಲೊಚಗುಟ್ಟಿ ಪುಟ ತಿರುವಬೇಡಿ. ನಿಮ್ಮ ಕನಿಕರ ನಿಮ್ಮ ಮನೆಯಲ್ಲೇ ಇರಲಿ, ಅದನ್ನು ಇಡುವುದಕ್ಕೆ ನಮ್ಮಲ್ಲಿ ಜಾಗ ಇಲ್ಲ.

ದೂರು ಇಷ್ಟು. ಕಾಲೇಜು ವಿದ್ಯಾರ್ಥಿಗಳ ಓದಿಗೆ ಅಂತರ್ಜಾಲದಿಂದ ಏನೇನು ಉಪಯೋಗ ಎಂದು ಪ್ರಬಂಧ ಬರೆಯಲು ನೀವು ಹೇಳಿದಿರಿ. ನನ್ನ ಮೊಮ್ಮಗಳು ವಾಣಿಶ್ರೀ ಇದ್ದದ್ದನ್ನು ಇದ್ದ ಹಾಗೆ ಬರೆದಳು. ನೀವು ಅದಕ್ಕೆ ಜಿಲ್ಲೆಗೇ ಮೊದಲ ಬಹುಮಾನ ಘೋಷಿಸಿದಿರಿ. ಆಮೇಲೆ ಅದೇ ಪ್ರಬಂಧವನ್ನು ಸಾಕ್ಷಿಯಾಗಿ ಹಿಡಿದು ಅವಳಿಗೂ ಅವಳ ಎಂಟು ಮಂದಿ ಗೆಳತಿಯರಿಗೂ ಅದೇ ಅಂತರ್ಜಾಲದ ಬಾಗಿಲು ಮುಚ್ಚಿದಿರಿ. ಈಗ ಅವರಿಗೆ ಪಾಠ ಕಾಣುವುದಿಲ್ಲ, ಹಾಜರಿ ಬೀಳುವುದಿಲ್ಲ, ಕೊನೆಯ ವರ್ಷದ ಪರೀಕ್ಷೆಗೆ ಅರ್ಜಿ ತುಂಬಲು ಬರುವುದಿಲ್ಲ. ಅರ್ಜಿಯ ಗಡುವು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಅಷ್ಟರೊಳಗೆ ನೀವು ಬಾಗಿಲು ತೆರೆಯದಿದ್ದರೆ ಒಂಬತ್ತು ಹುಡುಗಿಯರ ಕಾಲೇಜು ಅಲ್ಲಿಗೆ ಸರಿ.

ನಾನು ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯವಳು. ಮೂರನೇ ಇಯತ್ತೆಗೆ ಸಾಲಿ ಬಿಟ್ಟೆ. ಊರ ಹೆಸರನ್ನು ಬೇಕೆಂದೇ ಬರೆದಿಲ್ಲ. ಬರೆದರೆ ನಾಳೆ ತನಿಖೆಯವರು ಜೀಪು ಹತ್ತಿ ಬರುತ್ತಾರೆ, ಪಾಠ ಹೇಳುವವರು ಮಾತ್ರ ಬರುವುದಿಲ್ಲ. ಹಾಗೆಂದು ನಾನು ಸುಮ್ಮನೆ ಹೇಳುತ್ತಿಲ್ಲ. ನಮ್ಮ ಹುಡುಗಿಯರು ಬಸ್ಸು ಹತ್ತಿ ಹೋಗುವ ಸರ್ಕಾರಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕರ ಕುರ್ಚಿ ವಾಣಿಶ್ರೀ ಸೇರಿದಾಗಿನಿಂದ ಖಾಲಿ ಇದೆ. ಪ್ರಯೋಗಾಲಯಕ್ಕೆ ಬೀಗ ಇದೆ. ಬೀಗ ಮಾತ್ರ ಬಹಳ ಛಲೋ ಇದೆ, ಹೊಸದು. ಹುಡುಗಿಯರು ಹೋಗಿ ಕೇಳಿದಾಗ ನಿಮ್ಮ ಕಚೇರಿಯಿಂದ ಬಂದದ್ದು ಉಪನ್ಯಾಸಕರಲ್ಲ, ಕಾಲೇಜಿನ ಗೇಟಿಗೆ ಕಟ್ಟುವ ಬ್ಯಾನರು. ಜ್ಞಾನ ಈಗ ನಿಮ್ಮ ಬೆರಳ ತುದಿಯಲ್ಲಿದೆ, ಎಲ್ಲ ಪಾಠಗಳೂ ಇಲಾಖೆಯ ಜಾಲತಾಣದಲ್ಲಿವೆ, ನೋಂದಣಿ ಮಾಡಿಕೊಂಡು ಕಲಿಯಿರಿ ಎಂದು ಅದರಲ್ಲಿ ಬರೆದಿತ್ತು. ಸರಿ, ಮೇಷ್ಟ್ರು ಇಲ್ಲದ ಮೇಲೆ ಬೆರಳ ತುದಿಯೇ ಗತಿ ಎಂದು ಹುಡುಗಿಯರು ನೋಂದಣಿಗೆ ಕೂತರು.

ನೋಂದಣಿಗೆ ಒಂದು ಫೋನ್ ನಂಬರು ಬೇಕು. ಪ್ರತಿ ಸಲ ಒಳಗೆ ಹೋಗುವಾಗಲೂ ಆ ನಂಬರಿಗೆ ಆರು ಅಂಕಿಯ ಒಂದು ಗುಟ್ಟಿನ ಸಂಖ್ಯೆ ಬರುತ್ತದೆ, ಓಟಿಪಿ ಎನ್ನುತ್ತಾರಲ್ಲ, ಅದನ್ನು ಒತ್ತಿದರೆ ಮಾತ್ರ ಪಾಠ ತೆರೆದುಕೊಳ್ಳುತ್ತದೆ. ಹುಡುಗಿಯರಿಗೆ ಸ್ವಂತ ಫೋನು ಎಲ್ಲಿಂದ ಬರಬೇಕು? ಮೊದಲಿಗೆ ಅಪ್ಪನದೋ ಅಣ್ಣನದೋ ನಂಬರು ಕೊಟ್ಟರು. ಕಾಲೇಜಿನವರು ನೋಂದಣಿ ಆದವರ ಹೆಸರುಗಳನ್ನು ನಂಬರು ಸಮೇತ ಅಚ್ಚು ಹಾಕಿಸಿ ಹೊರಗಿನ ಗೋಡೆಗೆ ಅಂಟಿಸಿದರು. ಯಾಕೆ ಅಂಟಿಸಿದರು ಎಂದು ಕೇಳಿದರೆ, ಪಾರದರ್ಶಕತೆಯಂತೆ. ಆ ಸಂಜೆಯೇ ನನ್ನ ಮಗ ಹೊಳಿಯಪ್ಪನ ಫೋನು ಗುಂಯ್‌ಗುಟ್ಟಿತು. ಅವನು ಊಟಕ್ಕೆ ಕೂತಿದ್ದ. ಆ ಕಡೆಯಿಂದ ಯಾವನೋ ಹುಡುಗ, ಬೆಣ್ಣೆ ಸವರಿದಂಥ ಧ್ವನಿ:

"ವಾಣೀ, ಊಟ ಆತೇನು?"

"ನಡದೈತಪಾ," ಎಂದ ನನ್ನ ಮಗ. "ನಿಂದು?"

ಫೋನು ಆ ಕಡೆ ಕಟ್ಟಾಯಿತು. ಹೊಳಿಯಪ್ಪ ರೊಟ್ಟಿ ಮುಗಿಸಿ ಕೈ ತೊಳೆದು ಬಂದು ವಾಣಿಶ್ರೀಗೆ ಹೇಳಿದ, "ಓದೂದು ಬ್ಯಾಡ ಅನ್ನಂಗಿಲ್ಲ ನಾನು. ಆದ್ರ ಮಗಳ ಹೆಸರು ಗ್ವಾಡಿ ಮ್ಯಾಲೆ, ನನ್ನ ನಂಬರು ಮಂದಿ ಬಾಯಾಗ, ಇದು ನಡಿಯಂಗಿಲ್ಲ. ನನ್ನ ನಂಬರು ತಗಿಸಿ ಬಾ. ಇಲ್ಲಾಂದ್ರ ನಾಳಿಂದ ಮನ್ಯಾಗಿರು." ಉಳಿದ ಮನೆಗಳಲ್ಲೂ ಅದೇ ಮಾತು, ಕೆಲವು ಕಡೆ ಮಾತಿನ ಜೊತೆ ಕೈಯೂ ಎದ್ದಿತ್ತು.

ಇದಕ್ಕೆ ದಾರಿ ಕಂಡುಹಿಡಿದವರು ನಾವು ಹೆಂಗಸರು. ಕಂಡುಹಿಡಿದದ್ದು ನಿಮ್ಮ ಸಭಾಂಗಣದಂಥ ಜಾಗದಲ್ಲಿ ಅಲ್ಲ, ಭೀಮಕ್ಕನ ಹಿಟ್ಟಿನ ಗಿರಣಿಯ ಮುಂದೆ, ಜೋಳದ ಡಬ್ಬಿಗಳನ್ನು ಸಾಲಾಗಿಟ್ಟು ಪಾಳಿ ಕಾಯುವಾಗ. ಭೀಮಕ್ಕ ಗಂಡ ತೀರಿದ ಮೇಲೆ ಗಿರಣಿಯನ್ನು ಒಬ್ಬಳೇ ನಡೆಸುವವಳು. ಬೀಸಿಸಿಕೊಂಡವರು ಫೋನಿನಿಂದಲೇ ದುಡ್ಡು ಹಾಕುತ್ತಾರೆಂದು ಅವಳ ಫೋನಿಗೆ ಸದಾ ನೆಟ್ಟು ಇರುತ್ತದೆ. ಆ ಫೋನು ಹೊಲಕ್ಕೆ ಹೋಗುವುದಿಲ್ಲ, ಸಂತೆಗೆ ಹೋಗುವುದಿಲ್ಲ, ಗಿರಣಿಯ ಗೂಡಿನಲ್ಲೇ ಇರುತ್ತದೆ. ನಂಬರಂತೂ ಗಿರಣಿಯ ಬಾಗಿಲ ಮೇಲೆ ಬಣ್ಣದಲ್ಲೇ ಬರೆದಿದೆ, ಗುಟ್ಟು ಏನಿಲ್ಲ. ಎಲ್ಲ ಹುಡುಗಿಯರೂ ಭೀಮಕ್ಕನ ನಂಬರೇ ಕೊಡಲಿ ಎಂದು ತೀರ್ಮಾನವಾಯಿತು. ನಮ್ಮ ಕಡೆ ಇದು ಹೊಸ ಮಾತೇನಲ್ಲ. ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತೇವೆ, ಮದುವೆಗೆ ಇಡೀ ಓಣಿಯ ಪಾತ್ರೆಗಳು ಒಂದೇ ಮನೆಗೆ ಹೋಗುತ್ತವೆ, ಯಾರ ತಂಬಿಗೆಯೋ ಅವರಿಗೇ ವಾಪಸ್ಸು ಬರುತ್ತದೆ. ನಂಬರು ತಂಬಿಗೆಗಿಂತ ದೊಡ್ಡದೆಂದು ನಮಗೆ ಯಾರೂ ಹೇಳಿರಲಿಲ್ಲ.

ಜಾಲತಾಣ ಆಗ ತಕರಾರಿಲ್ಲದೆ ಒಂಬತ್ತನ್ನೂ ತೆಗೆದುಕೊಂಡಿತು, ಗೋಡೆಯ ಮೇಲಿನ ಹಾಳೆ ಬದಲಾಯಿತು. ಆ ಹುಡುಗರು ಮತ್ತೆ ಫೋನು ಮಾಡಿದರು. ಒಬ್ಬ ಅನುಷಾಳನ್ನು ಕೇಳಿದ. ಅನುಷಾ ನಮ್ಮ ಓಣಿಯ ಹುಡುಗಿ, ಒಂಬತ್ತರಲ್ಲಿ ಒಬ್ಬಳು. ಭೀಮಕ್ಕ ಗಿರಣಿಯ ಸದ್ದಿನ ಮೇಲೆ ಸದ್ದು ಮಾಡಿ ಹೇಳಿದಳು, "ಅನುಷಾ ಇಲ್ಲಪಾ, ನಾ ಅದೀನಿ. ಜೋಳ ಹಸನ ಮಾಡಿ ತಗೊಂಡು ಬಾ. ನಿಮ್ಮವ್ವನ್ನೂ ಕರ್ಕೊಂಡು ಬಾ, ಒಂದೀಟು ಮಾತಾಡೂದೈತಿ." ಅಲ್ಲಿಗೆ ಆ ಕಾಟ ನಿಂತಿತು. ನಿಮ್ಮ ಇಲಾಖೆಯ ಹೆಣ್ಣುಮಕ್ಕಳ ಸುರಕ್ಷತಾ ಸಮಿತಿ ಇನ್ನೂ ಸಭೆ ಸೇರಿಲ್ಲ ಎಂದು ಕೇಳಿದ್ದೇನೆ.

ಈಗ ಉಪಯೋಗದ ಮಾತಿಗೆ ಬರುತ್ತೇನೆ. ನಾನು ಸುಳ್ಳು ಹೇಳುವವಳಲ್ಲ, ಉಪಯೋಗ ಆಯಿತು. ಸಂಜೆ ಕರೆಂಟು ಹೋಗಿ ಗಿರಣಿ ನಿಂತ ಮೇಲೆ ಒಂಬತ್ತು ಹುಡುಗಿಯರೂ ಅಲ್ಲಿ ಸೇರುತ್ತಿದ್ದರು. ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ನಿಲ್ಲಿಸುತ್ತಿದ್ದರು. ನಾನು ಜೋಳದ ಮೊರ ಹಿಡಿದು ಕಾವಲಿಗೆ ಕೂತಿರುತ್ತಿದ್ದೆ. ಭೀಮಕ್ಕ ಬಂದ ಸಂಖ್ಯೆಯನ್ನು ಓದಿ ಹೇಳುವಳು, "ವಾಣೀ, ನಿಂದು ಬಂತು. ಹಸೀನಾ, ನಿಂದು ಇನ್ನಾ ದಾರ್ಯಾಗ ಐತಿ, ತಡಿ." ಒಬ್ಬೊಬ್ಬರೂ ಹೀಗೆ ಹಾಜರಿ ಹಾಕಿಸಿಕೊಂಡ ಮೇಲೆ ಎಲ್ಲರೂ ಒಂದೇ ಪಾಠಕ್ಕೆ ಕೂರುವರು. ಅದರಲ್ಲಿ ಒಬ್ಬ ಮೇಡಂ ಬರುತ್ತಿದ್ದಳು, ಕನ್ನಡದಲ್ಲೇ ಹೇಳುತ್ತಿದ್ದಳು. ಆಮ್ಲ ಎಂದರೇನು, ಕ್ಷಾರ ಎಂದರೇನು, ಎರಡೂ ಕೂಡಿದರೆ ಏನಾಗುತ್ತದೆ, ಗಾಜಿನ ನಳಿಕೆಯಲ್ಲಿ ಹಾಕಿ ತೋರಿಸುತ್ತಿದ್ದಳು. ತಿಳಿಯದಿದ್ದರೆ ಬೆರಳಿನಿಂದ ಹಿಂದಕ್ಕೆ ಸರಿಸಿದರೆ ಸಾಕು, ಮೊದಲಿನಷ್ಟೇ ಸಮಾಧಾನದಿಂದ ಮತ್ತೆ ಹೇಳುವಳು. ನನ್ನ ಕಾಲದ ಮಾಸ್ತರರು ಎರಡನೇ ಸಲ ಕೇಳಿದರೆ ಕಿವಿ ಹಿಂಡುತ್ತಿದ್ದರು.

"ಎಷ್ಟು ಸಲ ಕೇಳಿದ್ರೂ ಈಕಿಗೆ ಸಿಟ್ಟು ಬರವಲ್ದಲ್ಲೇ," ಎಂದೆ ನಾನೊಮ್ಮೆ. "ಮನ್ಯಾಗ ಅತ್ತಿ ಇಲ್ಲೇನು ಈಕಿಗೆ?"

"ಅತ್ತಿ ಇರೂದಕ್ಕನ ಇಷ್ಟು ಸಮಾಧಾನ ಕಲ್ತಾಳ ಆಯಿ," ಎಂದಳು ವಾಣಿಶ್ರೀ. ಆಯಿ ಎಂದರೆ ನಾನು, ಅವಳ ಅಜ್ಜಿ.

ಹುಡುಗಿಯರು ನಗುತ್ತಿದ್ದರು, ಜಗಳವಾಡುತ್ತಿದ್ದರು, ಒಬ್ಬಳಿಗೆ ತಿಳಿದದ್ದನ್ನು ಇನ್ನೊಬ್ಬಳಿಗೆ ತಿಳಿಯುವ ತನಕ ಹೇಳುತ್ತಿದ್ದರು. ಹಿಂದಿನ ವರ್ಷ ಒಂಬತ್ತೂ ಮಂದಿ ರಸಾಯನಶಾಸ್ತ್ರದಲ್ಲಿ ಪಾಸಾದರು, ಮೇಷ್ಟ್ರು ಇಲ್ಲದೆ. ನಿಮ್ಮ ಬ್ಯಾನರಿನಲ್ಲಿ ಬರೆದದ್ದು ಸುಳ್ಳಲ್ಲ ಮಾನ್ಯರೇ. ಅದನ್ನು ನಿಜ ಮಾಡಿದವರು ಯಾರು ಎಂಬುದಷ್ಟೇ ಪ್ರಶ್ನೆ.

ಅಂಥ ಹೊತ್ತಿನಲ್ಲಿ ನಿಮ್ಮ ಪ್ರಬಂಧ ಸ್ಪರ್ಧೆ ಬಂತು. ವಾಣಿಶ್ರೀ ಬರೆದದ್ದನ್ನು ನನಗೆ ಓದಿ ಹೇಳಿದ್ದಳು. ಉಳಿದವರು ಅಂತರ್ಜಾಲವೆಂಬುದು ಸಾಗರ, ಅದೊಂದು ವರದಾನ, ಆದರೆ ಮಿತವಾಗಿ ಬಳಸಬೇಕು ಎಂದು ಬರೆದು ಮುಗಿಸಿರಬೇಕು. ಇವಳು ಗಿರಣಿಯ ವಿಷಯ ಬರೆದಳು. ಗೋಡೆಗೆ ನಂಬರು ಅಂಟಿಸಿದ್ದು, ಮನೆಗಳಲ್ಲಿ ಕಾಲೇಜು ಬಿಡಿಸಲು ಹೊರಟಿದ್ದು, ಒಂದೇ ನಂಬರಿನಲ್ಲಿ ಒಂಬತ್ತು ಮಂದಿ ಸೇರಿ ಕಲಿತದ್ದು, ಎಲ್ಲವನ್ನೂ ಬರೆದಳು. "ಅಂತರ್ಜಾಲ ನಮಗೆ ಕೊಟ್ಟ ದೊಡ್ಡ ಉಪಯೋಗ ಪಾಠವಲ್ಲ, ಜೊತೆಗೆ ಕೂತು ಕಲಿಯುವ ಜಾಗ" ಎಂದು ಮುಗಿಸಿದ್ದಳು. ನಾನು ಮೆಚ್ಚಿದೆ. ನೀವೂ ಮೆಚ್ಚಿದಿರಿ. ಕೊಪ್ಪಳದಿಂದ ಸುದ್ದಿ ಬಂದಾಗ ಭೀಮಕ್ಕ ಸಕ್ಕರೆ ಹಂಚಿದಳು. ಹೊಳಿಯಪ್ಪ ಆ ದಿನ ಟೊಪ್ಪಿಗೆಯನ್ನು ಓರೆ ಮಾಡಿಟ್ಟುಕೊಂಡು ಹೋಟೆಲಿಗೆ ಹೋದ.

ಆಮೇಲೆ ಒಂದು ಸಂಜೆ ಯಾರ ಸಂಖ್ಯೆಯೂ ಬರಲಿಲ್ಲ. ಬಂದದ್ದು ಒಂದು ಸಂದೇಶ. ಈ ನಂಬರಿನಲ್ಲಿ ಒಂಬತ್ತು ನಕಲಿ ನೋಂದಣಿಗಳು ಪತ್ತೆಯಾಗಿವೆ, ಒಂಬತ್ತೂ ಖಾತೆಗಳನ್ನು ಸ್ಥಗಿತಗೊಳಿಸಲಾಗಿದೆ ಎಂದು ಅದರಲ್ಲಿತ್ತು. ಪ್ರಾಂಶುಪಾಲರನ್ನು ಕೇಳಿದರೆ ಅವರು ಕೊಪ್ಪಳದ ಕಡೆ ಬೆರಳು ತೋರಿಸಿದರು. ಭೀಮಕ್ಕ ಗಿರಣಿಗೆ ಬೀಗ ಹಾಕಿದಳು. ಮೈಯಲ್ಲಿ ಜ್ವರ ಇದ್ದಾಗಲೂ ಗಿರಣಿ ನಿಲ್ಲಿಸಿದವಳಲ್ಲ ಅವಳು. ಇಬ್ಬರೂ ಬಸ್ಸು ಹತ್ತಿ ನಿಮ್ಮ ಕಚೇರಿಗೆ ಬಂದೆವು. ನೀವು ಮೀಟಿಂಗಿನಲ್ಲಿ ಇದ್ದಿರಂತೆ. ಸಿಕ್ಕವನು ಒಬ್ಬ ಗುಮಾಸ್ತ. ಒಳ್ಳೆಯ ಹುಡುಗ, ಕುಡಿಯಲು ನೀರು ಕೊಟ್ಟ. ವಾಣಿಶ್ರೀಯ ಪ್ರಬಂಧದ ಹಾಳೆಯನ್ನು ನಮ್ಮ ಮುಂದೆಯೇ ತೆಗೆದು ತೋರಿಸಿದ. ಒಂದೇ ನಂಬರು ಎಂಬ ಸಾಲಿನ ಕೆಳಗೆ ಯಾರೋ ಕೆಂಪು ಗೆರೆ ಎಳೆದಿದ್ದರು.

"ನಿಮ್ಮ ಹುಡುಗೀನ ಬರದಾಳ ನೋಡ್ರಿ ಅಜ್ಜೀ. ಒಬ್ಬರಿಗೆ ಒಂದ ನಂಬರು ಅಂತ ರೂಲ್ ಐತಿ. ಇದನ್ನ ಓದಿದ ಮ್ಯಾಲೆ ಬಹುಮಾನದವರು ತಪಾಸಣಿಯವರಿಗೆ ಕಳಿಸ್ಯಾರ. ಸಿಸ್ಟಂ ಈಗ ಈ ಒಂಬತ್ತೂ ಹುಡುಗ್ಯಾರು ಖೊಟ್ಟಿ ಅಂತ ತಿಳ್ಕೊಂಡೈತಿ."

"ಖೊಟ್ಟಿ?" ಎಂದಳು ಭೀಮಕ್ಕ. "ಕರ್ಕೊಂಡು ಬರ್ಲೇನು? ಚಿವುಟಿ ನೋಡ್ತೀರಿ?"

"ಹಂಗಲ್ರಿ. ನಂಬರು ಬದಲಿ ಮಾಡಿದ್ರ ಆಗ್ತೈತಿ."

"ಮಾಡ್ರಿ ಮತ್ತ."

"ಬದಲಿ ಮಾಡಾಕ ಹಳೇ ನಂಬರಿಗೆ ಓಟಿಪಿ ಬರಬೇಕ್ರಿ."

"ಬರ್ಲಿ. ಫೋನು ಇಲ್ಲೇ ನನ್ನ ಉಡ್ಯಾಗ ಐತಿ."

"ಬರಂಗಿಲ್ರಿ. ಆ ನಂಬರು ಬಂದ್ ಮಾಡ್ಯಾರ."

"ಯಾರು?"

"ಮ್ಯಾಲಿನವ್ರು."

"ಅವ್ರಿಗೆ ಹೇಳೂದು ಹ್ಯಾಂಗ?"

"ಆನ್‌ಲೈನ್‌ನ್ಯಾಗ ದೂರು ಬರೀಬೇಕ್ರಿ. ಅದಕ್ಕ ಮೊದಲು ಹುಡುಗಿ ಲಾಗಿನ್ ಆಗ್ಬೇಕು."

ಭೀಮಕ್ಕ ನನ್ನ ಮುಖ ನೋಡಿದಳು. ನಾನು ಹುಡುಗನನ್ನು ಕೇಳಿದೆ, "ಸಿಸ್ಟಂ ಅಂದ್ರ ಮನುಷ್ಯಾ ಅಲ್ಲ ಅಂತ ನನಗೂ ಗೊತ್ತೈತಪಾ. ಅದರ ಹಿಂದ ಕುಂತ ಮನುಷ್ಯಾ ಯಾರು ಅಂತ ಕೇಳಾಕತ್ತೀನಿ." ಅವನು ಮೇಲೆ ಫ್ಯಾನಿನ ಕಡೆ ನೋಡಿದ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟು ನಿಮ್ಮ ಮೇಲೆ. ಒಬ್ಬ ವಿದ್ಯಾರ್ಥಿಗೆ ಒಂದು ಫೋನು ಎಂದು ಆ ಯಂತ್ರಕ್ಕೆ ಕಲಿಸಿಕೊಟ್ಟವರು ಯಾರು? ಯಂತ್ರ ತಾನಾಗಿ ಕಲಿಯಲಿಲ್ಲ. ಮನೆಗೊಂದು ಅಲ್ಲ, ಹುಡುಗಿಗೊಂದು ಫೋನು ಇರುತ್ತದೆ, ಅದು ಅವಳ ಕೈಯಲ್ಲೇ ಇರುತ್ತದೆ, ಅದಕ್ಕೆ ಬಂದ ಕರೆಯನ್ನು ಅಪ್ಪ ಅಣ್ಣ ಎತ್ತುವುದಿಲ್ಲ ಎಂದು ಯಾವ ಊರನ್ನು ನೋಡಿ ಬರೆದಿರಿ? ಕುಷ್ಟಗಿಯನ್ನು ನೋಡಿ ಬರೆದಿರೋ, ಕಾರಟಗಿಯನ್ನೋ? ಹುಡುಗಿಯರ ನಂಬರನ್ನು ಗೋಡೆಗೆ ಅಂಟಿಸಿದ್ದನ್ನೂ ಅವಳು ಅದೇ ಪ್ರಬಂಧದಲ್ಲಿ ಬರೆದಿದ್ದಳು. ಆ ಸಾಲಿನ ಕೆಳಗೆ ಕೆಂಪು ಗೆರೆ ಯಾಕೆ ಬೀಳಲಿಲ್ಲ? ಕುರ್ಚಿ ಖಾಲಿ ಇರುವುದನ್ನೂ ಬರೆದಿದ್ದಳು. ಅದು ನಿಮ್ಮ ಕಣ್ಣಿಗೆ ಬೀಳಲಿಲ್ಲವೇ, ಅಥವಾ ಆ ಸಾಲು ಬಂದಾಗ ಚಹಾ ಬಂತೇ? ಇಲ್ಲದ ಉಪನ್ಯಾಸಕರನ್ನು ನೀವು ಇಷ್ಟು ವರ್ಷ ಖೊಟ್ಟಿ ಎನ್ನಲಿಲ್ಲ. ಇರುವ ಹುಡುಗಿಯರನ್ನು ಒಂದು ಸಂಜೆಯಲ್ಲಿ ಎಂದುಬಿಟ್ಟಿರಿ. ಒಂದು ವಿಷಯ ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ: ಬಹುಮಾನದ ಪ್ರಮಾಣಪತ್ರವನ್ನು ವಾಣಿಶ್ರೀ ಇಳಿಸಿಕೊಳ್ಳಬೇಕಾದದ್ದು ಅದೇ ಜಾಲತಾಣದಿಂದ, ಒಳಗೆ ಹೋಗಿ.

ಈಗ ಊರಿನಲ್ಲಿ ಏನಾಗಿದೆ ಎಂದು ಕೇಳಿ. ಸಂಜೆ ಗಿರಣಿಯಲ್ಲಿ ಯಾರೂ ಇರುವುದಿಲ್ಲ. ಭೀಮಕ್ಕನ ನಂಬರಿನಿಂದಲೇ ಹೀಗಾಯಿತೆಂದು ಎರಡು ಮನೆಯವರು ಜೋಳವನ್ನು ಪಕ್ಕದ ಊರಿಗೆ ಒಯ್ಯುತ್ತಿದ್ದಾರೆ. ಅನುಷಾಳನ್ನು ನೋಡಲು ಗಂಗಾವತಿ ಕಡೆಯ ಗಂಡಿನವರು ಬಂದು ಹೋದರು. ಹಸೀನಾಬೇಗಂಳ ಪುಸ್ತಕಗಳನ್ನು ಅವಳ ತಾಯಿ ಕಟ್ಟಿ ಅಟ್ಟಕ್ಕೆ ಹಾಕಿದಳು. ಇವೆಲ್ಲಕ್ಕೂ ಊರು ಬೈಯುತ್ತಿರುವುದು ನಿಮ್ಮನ್ನಲ್ಲ, ನಿಮ್ಮ ಮುಖ ಯಾರು ಕಂಡಿದ್ದಾರೆ? ಬೈಯುತ್ತಿರುವುದು ವಾಣಿಶ್ರೀಯನ್ನು. ಮೊನ್ನೆ ನಲ್ಲಿಯ ಹತ್ತಿರ ಒಬ್ಬಳು ನನಗೆ ಕೇಳಲೆಂದೇ ಹೇಳಿದಳು, "ಶ್ಯಾಣ್ಯಾಕಿ ಅನ್ನಿಸ್ಕೊಳ್ಳಾಕ ಹೋಗಿ ಎಲ್ಲಾರ್ನೂ ಮುಳುಗಿಸಿ ಕುಂತಾಳ." ನಾನು ಬಾಯಿ ತೆರೆದೆ. ವಾಣಿಶ್ರೀ ನನ್ನ ಕೈ ಹಿಡಿದು ಎಳೆದುಕೊಂಡು ಬಂದಳು. ಗೆಳತಿಯರು ಅವಳ ಜೊತೆ ಮಾತು ಬಿಟ್ಟಿದ್ದಾರೆ. ತಪ್ಪು ಅವರದೂ ಅಲ್ಲ, ಮನೆಯಲ್ಲಿ ಹಾಗೆ ಹೇಳಿಸಿಕೊಂಡು ಬಂದಿದ್ದಾರೆ.

ಹೊಳಿಯಪ್ಪ ಮಾತ್ರ ಬೈಯಲಿಲ್ಲ. ಅದೇ ನನಗೆ ಹೆದರಿಕೆ. "ಬಿಡು ಬೇ," ಎಂದ ನನಗೆ. "ಆಕಿ ಕಲಿತದ್ದು ಆಕಿ ಕೈಯಾಗ ಐತಿ. ಸರ್ಕಾರ ಬ್ಯಾಡ ಅಂದ ಮ್ಯಾಲೆ ನಾ ಏನ ಮಾಡ್ಲಿ? ಈ ವರ್ಷ ಹೋತಂದ್ರ ಹೋತು, ಮುಂದಿನ ವರ್ಷ ಅಂತ ನಾ ಕುಂದ್ರಂಗಿಲ್ಲ." ಕಾಲುವೆಗೆ ನೀರು ಬಿಟ್ಟರೆ ನಮ್ಮ ಓಣಿಯ ಮುದಕಮ್ಮ ಹೆಂಗಸರನ್ನು ಕೂಡಿಸಿಕೊಂಡು ಶ್ರೀರಾಮನಗರದ ಕಡೆ ಭತ್ತದ ನಾಟಿಗೆ ಹೋಗುತ್ತಾಳೆ. ಈ ಸಲ ವಾಣಿಶ್ರೀಯೂ ಬರುತ್ತಾಳೆಂದು ಅವನು ಆಕೆಗೆ ಮಾತು ಕೊಟ್ಟಿದ್ದಾನೆ. ನಾಟಿ ಕೆಲಸವನ್ನು ನಾನು ಹೀನ ಎನ್ನುವುದಿಲ್ಲ, ನನ್ನ ಸೊಂಟ ಬಾಗಿದ್ದು ಅದರಲ್ಲೇ. ಹೆಂಗಸರು ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ಹಾಕಿಕೊಂಡು ಕೆಸರಿಗೆ ಇಳಿಯುತ್ತಾರೆ. ನಿನ್ನೆ ವಾಣಿಶ್ರೀ ಅಪ್ಪನ ಒಂದು ತುಂಬುತೋಳಿನ ಅಂಗಿ ಹುಡುಕಿ ತೆಗೆದು, ಬಿಟ್ಟುಹೋದ ಗುಂಡಿಗಳನ್ನು ಹಚ್ಚುತ್ತ ಕೂತಿದ್ದಳು. ಯಾರೂ ಹಚ್ಚು ಎಂದಿರಲಿಲ್ಲ.

ನಾನು ಈ ಪತ್ರ ಬರೆಯುತ್ತೇನೆ ಎಂದಾಗ ಅವಳು ತಲೆ ಎತ್ತದೆ ಹೇಳಿದಳು, "ಬರಿಯೂದಾದ್ರ ಒಂದು ಬರಿ ಆಯಿ. ಬರದಾಕಿ ನಾನು. ನಂದೊಂದು ಮುಚ್ಚಿಟ್ಟು ಉಳಿದ ಎಂಟು ತಗೀರಿ ಅಂತ ಬರಿ."

"ಬರಿಯಂಗಿಲ್ಲ," ಎಂದೆ.

"ಬರಿ. ಅವ್ರು ಏನರ ಒಂದು ಹಿಡ್ಕೊಂಡು ಕುಂದ್ರಬೇಕು. ನನ್ನನ್ನ ಹಿಡ್ಕೊಳ್ಳಲಿ."

ಇಪ್ಪತ್ತರ ಹುಡುಗಿ ನಿಮ್ಮನ್ನು ಎಷ್ಟು ಚೆನ್ನಾಗಿ ತಿಳಿದುಕೊಂಡಿದ್ದಾಳೆ ನೋಡಿ. ಅವಳು ಹೇಳಿದ್ದನ್ನು ಬರೆದಿದ್ದೇನೆ, ಯಾಕೆಂದರೆ ಅದು ಅವಳ ಮಾತು, ಮುಚ್ಚಿಡುವ ಹಕ್ಕು ನನಗಿಲ್ಲ. ಆದರೆ ಅದು ನನ್ನ ಬೇಡಿಕೆ ಅಲ್ಲ. ನಿಜ ಹೇಳಿದವಳನ್ನು ಹೊರಗಿಟ್ಟು ಉಳಿದವರನ್ನು ಒಳಗೆ ಕರೆದರೆ ಆ ಎಂಟು ಹುಡುಗಿಯರು ನಿಮ್ಮಿಂದ ಕಲಿಯುವ ಪಾಠ ಒಂದೇ, ಅದಕ್ಕೆ ಯಾವ ಮೇಡಮ್ಮೂ ಬೇಕಾಗುವುದಿಲ್ಲ.

ನನ್ನ ಬೇಡಿಕೆ ಕೇಳಿ. ಒಂಬತ್ತು ಖಾತೆಗಳನ್ನೂ ತೆರೆಯಬೇಕು. ಗಡುವಿನ ಒಳಗೆ ಅರ್ಜಿ ತುಂಬಿಸಿಕೊಳ್ಳಬೇಕು. ಆಗುವುದಿಲ್ಲ ಎನ್ನುವುದಾದರೆ, ಆಗುವುದಿಲ್ಲ ಎಂದು ಒಬ್ಬ ಮನುಷ್ಯ ಕಾಗದದ ಮೇಲೆ ಬರೆದು, ಕೆಳಗೆ ತನ್ನ ಹೆಸರು ಹಾಕಿ, ರುಜು ಮಾಡಬೇಕು. ಸಿಸ್ಟಂ ತೆಗೆದುಕೊಳ್ಳುತ್ತಿಲ್ಲ ಎಂಬ ಉತ್ತರ ನನಗೆ ಬೇಡ. ಆ ಕಾಗದವನ್ನು ಎಂಟು ಮನೆಗಳಿಗೂ ಒಯ್ದು ತೋರಿಸುತ್ತೇನೆ. ಅವರು ಬೈಯಬೇಕಾದ ಹೆಸರು ವಾಣಿಶ್ರೀ ಅಲ್ಲ ಎಂದಾದರೂ ತಿಳಿಯಲಿ. ಕಾಲೇಜು ಉಳಿಸಲಾಗದಿದ್ದರೆ ಅಷ್ಟನ್ನಾದರೂ ಅವಳಿಗೆ ಉಳಿಸಿಕೊಡಬೇಕಾಗಿದೆ ನಾನು.

ನಿಮ್ಮಿಂದ ಉತ್ತರ ಬರುತ್ತದೆ ಎಂಬ ನಂಬಿಕೆ ನನಗೆ ಇಲ್ಲ. ಮೊದಲ ಸಾಲು ಬರೆಯುವಾಗ ಸ್ವಲ್ಪ ಇತ್ತು, ಇಲ್ಲಿಗೆ ಬರುವಷ್ಟರಲ್ಲಿ ಅದೂ ಮುಗಿದಿದೆ. ಆದರೂ ವಿಳಾಸವನ್ನು ಪತ್ರಿಕೆಯವರ ಹತ್ತಿರ ಕೊಟ್ಟಿದ್ದೇನೆ. ಅಂಚೆಯಲ್ಲಿ ಕಳಿಸಿ. ಮುಂದಿನ ತಿಂಗಳು ಹುಟ್ಟಿದ ಕೂಡಲೇ ನಾಟಿಗೆ ಹೋಗುವ ಮುದಕಮ್ಮನ ಟಂಟಂ ಗಾಡಿ ಹೊರಡುತ್ತದೆ. ಒಮ್ಮೆ ಕೆಸರಿಗೆ ಇಳಿದ ಹುಡುಗಿಯನ್ನು ಪರೀಕ್ಷೆಗೆ ಕೂರು ಎಂದು ಕರೆತರುವ ಶಕ್ತಿ ನನ್ನ ಮಾತಿಗಿಲ್ಲ, ನಿಮ್ಮ ಕಾಗದಕ್ಕೂ ಆಗ ಇರುವುದಿಲ್ಲ. ಆದ್ದರಿಂದ ಮುಂದಿನ ತಿಂಗಳು ಎನ್ನಬೇಡಿ. ಈ ತಿಂಗಳೊಳಗೆ ಉತ್ತರ ಬರೆಯಿರಿ.

ಇಂತಿ,
ತಮ್ಮ ವಿಶ್ವಾಸಿ ಎಂದು ಬರೆಯಲು ಕೈ ಬಾರದ
ಕಳಕಮ್ಮ
ಯಲಬುರ್ಗಾ ತಾಲೂಕು